ಕಸ್ತೂರಕ್ಕನ ಒಲೆಗೆ ತತ್ತಿ ಬಂದದ್ದು

ಶಹಾಪುರದಿಂದ ವನದುರ್ಗಕ್ಕೆ ಹೋಗುವ ಬಸ್ಸು ದಾರಿಯಲ್ಲಿ ನಮ್ಮ ಶಾಲೆಯಿರುವ ಊರಿನ ಮುಂದೆ ಒಂದು ನಿಮಿಷ ನಿಲ್ಲುತ್ತದೆ. ಇಳಿದು ಎಡಕ್ಕೆ ಹತ್ತು ಹೆಜ್ಜೆ ನಡೆದರೆ ಶಾಲೆಯ ಗೇಟು. ಗೇಟಿನೊಳಗೆ ಕಾಲಿಡುವ ಮೊದಲೇ ಒಗ್ಗರಣೆಯ ವಾಸನೆ ಬಂದರೆ ಹನ್ನೊಂದೂವರೆ ಆಗಿದೆ ಎಂದು ತಿಳಿಯಬೇಕು. ಆ ಒಗ್ಗರಣೆ ಹಾಕುವಾಕೆ ಕಸ್ತೂರಕ್ಕ, ನಮ್ಮ ಬಿಸಿಯೂಟದ ಮುಖ್ಯ ಅಡುಗೆಯಾಕೆ. ನಾನು ಅದೇ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತೇನೆ. ಹೆಸರು ಅನುರಾಧಾ, ಊರು ಯಾದಗಿರಿ. ನಾನು ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಈ ಒಂಬತ್ತು ವರ್ಷಗಳಲ್ಲಿ ಒಂದು ದಿನವೂ ಅನ್ನ ಸೀದದ್ದು ನನಗೆ ನೆನಪಿಲ್ಲ.

ಕಸ್ತೂರಕ್ಕ ಸುರಪುರದ ಮಗಳು. ಹದಿನೇಳಕ್ಕೆ ಮದುವೆಯಾಗಿ ಈ ಊರಿಗೆ ಬಂದಳು. ಗಂಡ ನೀಲಕಂಠ ಮನೆಯ ಮುಂದಿನ ಕೋಣೆಯಲ್ಲೇ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಒಮ್ಮೆಗೆ ಎರಡು ಮಾತಿಗಿಂತ ಹೆಚ್ಚು ಆಡದ ಮನುಷ್ಯ. ಮನೆಯ ಹಿರಿಯಳು ಅತ್ತೆ ಚಂದಮ್ಮ. ಬೆಳಿಗ್ಗೆ ಲಿಂಗಪೂಜೆಯಾಗದೆ ಆ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಅಂಗಡಿಯಲ್ಲಿ ಸೂಜಿಯಿಂದ ಹಿಡಿದು ಸೈಕಲ್ ಟ್ಯೂಬಿನವರೆಗೆ ಎಲ್ಲ ಸಿಗುತ್ತದೆ, ಮೊಟ್ಟೆ ಮಾತ್ರ ಇಲ್ಲ. ಇಡುವುದಿರಲಿ, ಆ ಮನೆಯಲ್ಲಿ ಅದರ ಹೆಸರನ್ನೂ ಎತ್ತುತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ತತ್ತಿ ಎಂದರೆ ಕಸ್ತೂರಕ್ಕ ‘ಬಿಳೇದು’ ಎನ್ನುತ್ತಿದ್ದಳು.

ಎರಡು ಸಾವಿರದ ಎರಡರಲ್ಲಿ, ಆಗಿನ್ನೂ ನಮ್ಮದು ಕಲಬುರಗಿ ಜಿಲ್ಲೆ, ಶಾಲೆಯಲ್ಲಿ ಮಧ್ಯಾಹ್ನದ ಊಟ ಶುರುವಾಯಿತು. ರಾಜ್ಯದಲ್ಲಿ ಮೊದಲು ಶುರುವಾದದ್ದೇ ನಮ್ಮ ಕಡೆಯ ಕೆಲವು ಜಿಲ್ಲೆಗಳಲ್ಲಿ. ಓದಿನಲ್ಲಿ, ತೂಕದಲ್ಲಿ, ರಕ್ತದಲ್ಲಿ ನಾವು ಹಿಂದೆ ಇದ್ದೇವೆಂದು ಸರ್ಕಾರದ ಪಟ್ಟಿಗಳೆಲ್ಲ ಹೇಳುತ್ತಿದ್ದವು. ಅದಕ್ಕೇ ಇಂಥ ಯೋಜನೆಗಳು ಬಂದರೆ ಮೊದಲು ನಮ್ಮ ಬಾಗಿಲಿಗೇ ಬರುತ್ತವೆ. ಶಾಲೆಯ ಸಮಿತಿಯವರು ಚಂದಮ್ಮನ ಮುಂದೆ ಬಂದು ಕೂತು, ನಿಮ್ಮ ಸೊಸೆ ಒಲೆಯ ಮುಂದೆ ನಿಂತರೆ ಎಲ್ಲ ಓಣಿಯ ಮಕ್ಕಳೂ ತಕರಾರಿಲ್ಲದೆ ಉಣ್ಣುತ್ತಾರೆ ಎಂದರು. ಹೇಳಿದ ಮಾತಿನ ಹಿಂದಿನ ಮಾತು ಎಲ್ಲರಿಗೂ ಗೊತ್ತಿತ್ತು. ಸಹಾಯಕಿಯಾಗಿ ಬಂದವಳು ದೇವಕಮ್ಮ, ಊರಿನ ಆಚೆ ಬುದ್ಧ ವಿಹಾರದ ಪಕ್ಕದ ಮನೆಯವಳು, ಹೊಲದ ಕೂಲಿಗೆ ಹೋಗುತ್ತಿದ್ದಾಕೆ. ಮೊದಲ ದಿನಗಳಲ್ಲಿ ಆಕೆಗೆ ಪಾತ್ರೆ ತೊಳೆಯುವ, ಕಟ್ಟಿಗೆ ತರುವ ಕೆಲಸ ಮಾತ್ರ. ಆಕೆ ಕಸ್ತೂರಕ್ಕನನ್ನು ‘ಅಮ್ಮಾರ’ ಎಂದು ಕರೆಯುತ್ತಿದ್ದಳು. ಯಾವ ದಿನದಿಂದ ದೇವಕಮ್ಮ ಬೇಳೆಯ ಬೋಗಾಣಿಗೆ ಸೌಟು ಹಾಕಿದಳು, ಯಾವ ದಿನದಿಂದ ‘ಅಮ್ಮಾರ’ ಹೋಗಿ ‘ಅಕ್ಕಾ’ ಬಂತು ಎಂದು ಕೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರಿಗೂ ನೆನಪಿಲ್ಲ. ದಿನಾ ನೂರೈವತ್ತು ಮಕ್ಕಳಿಗೆ ಬಡಿಸುವ ಗಡಿಬಿಡಿಯಲ್ಲಿ ಅದು ತಾನಾಗಿ ಆಗಿಹೋಯಿತು.

ಹೀಗೆ ಹತ್ತೊಂಬತ್ತು ವರ್ಷ ಕಳೆದವು. ಕಟ್ಟಿಗೆ ಹೋಗಿ ಗ್ಯಾಸು ಬಂತು. ಬೆಳಿಗ್ಗೆ ಪುಡಿ ಕಲಸಿ ಹಾಲು ಕೊಡುವುದು ಬಂತು. ಕರೋನಾ ಬಂದು ಶಾಲೆ ಮುಚ್ಚಿ, ಮತ್ತೆ ತೆರೆಯಿತು. ಎರಡು ಸಾವಿರದ ಇಪ್ಪತ್ತೊಂದರ ನವೆಂಬರ್ ಕೊನೆಗೆ ನಮ್ಮ ಮುಖ್ಯೋಪಾಧ್ಯಾಯರಾದ ಅಬ್ದುಲ್ ಕರೀಮ ಸರ್ ಅಡುಗೆಯವರಿಬ್ಬರನ್ನೂ ಕರೆದು ಒಂದು ಕಾಗದ ಓದಿದರು. ನಾನೂ ಅಲ್ಲೇ ಹಾಜರಿ ಬರೆಯುತ್ತ ಕೂತಿದ್ದೆ.

“ಕಸ್ತೂರಮ್ಮ, ಹುಕುಂ ಬಂದದ. ಡಿಸೆಂಬರದಿಂದ ವಾರದಾಗ ಮೂರು ದಿನ ಹುಡುಗ್ರಿಗಿ ತತ್ತಿ ಕೊಡಬೇಕಂತ. ತಿನ್ನಲಾರದವ್ರಿಗಿ ಬಾಳೆಹಣ್ಣ.”

“ಎಲ್ಲಿ ಕುದಸೂದ್ರಿ ಸರ?”

“ಎಲ್ಲಿ ಅಂದ್ರ, ಅಡ್ಗಿ ಕೋಣ್ಯಾಗ.”

ಕಸ್ತೂರಕ್ಕ ಸೆರಗಿನ ಗಂಟು ಬಿಚ್ಚಿ ಅಡುಗೆ ಕೋಣೆಯ ಕೀಲಿಕೈ ತೆಗೆದು ಸರ್ ಮೇಜಿನ ಮೇಲೆ ಇಟ್ಟಳು.

“ಹಂಗಾದ್ರ ನನ್ನ ಬಿಟ್ಟುಬಿಡ್ರಿ ಸರ. ಸಿಟ್ಟಿಲ್ಲ, ಏನಿಲ್ಲ. ಹತ್ತೊಂಬತ್ತು ವರ್ಷ ಮಾಡೀನಿ. ಇದು ನನ್ನ ಕೈಲಿ ಆಗಂಗಿಲ್ಲ.”

ಕರೀಮ ಸರ್ ಕೀಲಿಕೈಯನ್ನು ನೋಡಿದರು, ಕಾಗದವನ್ನು ನೋಡಿದರು. ನಿಜ ಹೇಳಬೇಕೆಂದರೆ ನನಗೆ ಒಳಗೇ ಸಿಟ್ಟು ಬಂದಿತ್ತು. ಯಾದಗಿರಿಯ ನಮ್ಮ ಮನೆಯಲ್ಲಿ ಅಪ್ಪ ಕಚೇರಿಯ ಗುಮಾಸ್ತ, ಆರು ಜನರ ಸಂಸಾರ. ಭಾನುವಾರ ಮೂರು ತತ್ತಿ ಕುದಿಸಿದರೆ ಅಮ್ಮ ಹೊಲಿಗೆಯ ದಾರ ಹಿಡಿದು ಒಂದೊಂದನ್ನೂ ಬರೋಬರಿ ಎರಡು ಹೋಳು ಮಾಡುತ್ತಿದ್ದಳು. ಕತ್ತಿಯಿಂದ ಕೊಯ್ದರೆ ಹಳದಿ ಅಂಟಿಕೊಂಡು ಹಾಳಾಗುತ್ತದೆಂದು ದಾರ. ಒಂದು ಇಡೀ ತತ್ತಿಯನ್ನು ನಾನೊಬ್ಬಳೇ ತಿಂದದ್ದು ಡಿ.ಎಡ್. ಓದುವಾಗ, ಹಾಸ್ಟೆಲಿನಲ್ಲಿ. ನನ್ನ ತರಗತಿಯ ಮಕ್ಕಳಿಗೆ ಆರನೇ ವಯಸ್ಸಿಗೇ ಇಡೀ ತತ್ತಿ ಸಿಗುತ್ತಿರುವಾಗ ಈಕೆ ಕೀಲಿಕೈ ಇಡುತ್ತಾಳಲ್ಲ ಎನಿಸಿತು.

ದಾರಿ ತೆಗೆದವಳು ದೇವಕಮ್ಮ. “ಅಕ್ಕಾ, ನೀ ಅನ್ನ ಬ್ಯಾಳಿ ನೋಡ್ಕೋ. ನಾ ಹೊರಗ ಬೇವಿನ ಗಿಡದ ತೆಳಗ ಒಲಿ ಹೂಡ್ತೀನಿ. ಬೋಗಾಣಿ ಬ್ಯಾರೆ, ಸೌಟು ಬ್ಯಾರೆ. ನಿನಗ ಏನೂ ಹತ್ತಂಗಿಲ್ಲ.”

ಕಸ್ತೂರಕ್ಕ ಕೀಲಿಕೈಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. “ಗಾಳಿ ಈ ಕಡಿ ಬರಬಾರದು ನೋಡು” ಎಂದಷ್ಟೇ ಹೇಳಿದಳು.

ಡಿಸೆಂಬರ್ ಒಂದನೇ ತಾರೀಖು ಬಂತು. ಅಂದು ಬಂದಿದ್ದ ನೂರೈವತ್ತೆರಡು ಮಕ್ಕಳಲ್ಲಿ ಇಪ್ಪತ್ತೊಂದು ಮಕ್ಕಳ ಮನೆಯವರು ಬಾಳೆಹಣ್ಣು ಎಂದು ಬರೆದುಕೊಟ್ಟಿದ್ದರು. ಉಳಿದ ನೂರಾ ಮೂವತ್ತೊಂದು ಮೊಟ್ಟೆ. ದೇವಕಮ್ಮ ತನ್ನ ಮನೆಯಲ್ಲಿ ನಾಲ್ಕೋ ಆರೋ ಕುದಿಸಿದ್ದವಳು, ಅಷ್ಟನ್ನೂ ಒಟ್ಟಿಗೆ ಕುದಿಯುವ ನೀರಿಗೆ ಸುರಿದು ಕೆಳಗೆ ಭರ್ತಿ ಕಟ್ಟಿಗೆ ಒಡ್ಡಿದಳು. ಬಿಳಿ ನೊರೆ ಉಕ್ಕಿ ಬೋಗಾಣಿಯ ಹೊರಗೆ ಹರಿಯಿತು, ಅರ್ಧ ಒಲೆ ಆರಿಹೋಯಿತು. ಅಡುಗೆ ಕೋಣೆಯ ಕಿಟಕಿಯಲ್ಲಿ ಕಸ್ತೂರಕ್ಕ ಹೊರಗಿನ ಒಲೆಯ ಕಡೆಗೆ ಬೆನ್ನು ಮಾಡಿ ನಿಂತಿದ್ದಳು.

“ದೇವಕ್ಕ, ಉರಿ ಹಿಂದಕ ಎಳಿ.”

“ನಿನಗ ಹೆಂಗ ಗೊತ್ತಾತು? ಆ ಕಡಿ ಮಾರಿ ಮಾಡಿ ನಿಂತೀಯಲ್ಲ.”

“ಕೇಳಸ್ತದ. ಒಳಗ ಒಂದಕ್ಕೊಂದು ಬಡಕೊಳ್ಳಾಕತ್ತಾವ. ಊಟದ ಗಂಟಿ ಹೊಡದ ಮ್ಯಾಲ ಹುಡುಗ್ರು ಬಾಗಲದಾಗ ನೂಕ್ಯಾಡಿದಂಗ.”

ಅಂದು ನಲವತ್ತು ಮೊಟ್ಟೆಗಳು ಒಡೆದವು. ಆದರೂ ಮಕ್ಕಳಿಗೆ ಬೇಸರವಾಗಲಿಲ್ಲ. ಕೆಲವರು ಎರಡೂ ಕೈಯಲ್ಲಿ ಹಿಡಿದುಕೊಂಡು ತಿನ್ನದೆ ಸುಮ್ಮನೆ ಕೂತರು. ಒಂದು ಹುಡುಗಿ ಲಂಗದ ಜೇಬಿಗೆ ಹಾಕಿಕೊಂಡು ತಂಗಿಗೆ ಒಯ್ಯುತ್ತೇನೆಂದಳು. ತಂಗಿಯೂ ಮುಂದಿನ ವರ್ಷ ಶಾಲೆಗೆ ಬರುತ್ತಾಳೆ, ಇದನ್ನು ನೀನು ತಿನ್ನು ಎಂದು ನಾನು ಕೂರಿಸಿ ತಿನ್ನಿಸಿದೆ.

ಕಸ್ತೂರಕ್ಕನ ಕೋಣೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಅಡುಗೆ ಕೆಡುತ್ತಿದೆ ಎಂಬುದು ಆಕೆಗೆ ಸಹಿಸಲಾಗದ ಮಾತು. ಮುಂದಿನ ಸಲ ಕಿಟಕಿಯಿಂದಲೇ ಹೇಳಿದಳು: ತಣ್ಣನೆಯ ನೀರಿನಲ್ಲಿ ಇಟ್ಟು ಆಮೇಲೆ ಉರಿ ಹಾಕು. ಅದರ ಮುಂದಿನ ಸಲ: ಬೋಗಾಣಿಯ ತಳಕ್ಕೆ ಒಂದು ಹಸಿ ಗೋಣಿಚೀಲದ ತುಂಡು ಹಾಸು, ಕಬ್ಬಿಣಕ್ಕೆ ತಾಗಬಾರದು. ಆಮೇಲೆ ಉಪ್ಪು. ಆಮೇಲೆ ಮುಚ್ಚಳ. ಪ್ರತಿ ಸಲವೂ ಬೆನ್ನು ಇತ್ತ, ಮುಖ ಅತ್ತ. ಜನವರಿಯ ಹೊತ್ತಿಗೆ ಒಡೆಯುವ ಮೊಟ್ಟೆ ದಿನಕ್ಕೆ ಎರಡು ಮೂರಕ್ಕೆ ಇಳಿದಿತ್ತು.

“ಮುಟ್ಟಂಗಿಲ್ಲ, ನೋಡಂಗಿಲ್ಲ,” ದೇವಕಮ್ಮ ನಮ್ಮ ಮುಂದೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. “ಹುಟ್ಟಿದಾಗಿಂದ ತತ್ತಿ ತಿಂದಾಕಿ ನಾನು, ನನಗ ಕಲಸಾಕಿ ಆಕಿ.”

ಫೆಬ್ರವರಿಯಲ್ಲಿ ದೇವಕಮ್ಮನ ಮಗಳಿಗೆ ಸುರಪುರದಲ್ಲಿ ಹೆರಿಗೆಯಾಯಿತು. ಗಂಡು ಕೂಸು. ಅಜ್ಜಿಯಾದವಳು ಹತ್ತು ದಿನ ರಜೆ ಹಾಕಿ ಹೋದಳು. ಬದಲಿಗೆ ಯಾರೂ ಸಿಗಲಿಲ್ಲ. ಬುಧವಾರ ಮೊಟ್ಟೆಯ ದಿನ. ಟ್ರೇಗಳು ಬಂದು ವರಾಂಡದಲ್ಲಿ ಕೂತಿದ್ದವು.

“ನಾವೇ ಕುದಿಸೂಣು,” ಎಂದು ಕರೀಮ ಸರ್ ಅಂಗಿಯ ತೋಳು ಮಡಚಿದರು. ನಾನು ಮೊಟ್ಟೆ ತೊಳೆದೆ. ಸರ್ ಬೇವಿನ ಗಿಡದ ಕೆಳಗೆ ಒಲೆ ಹೊತ್ತಿಸಿ, ಕೈಗಡಿಯಾರ ಬಿಚ್ಚಿ ಕಲ್ಲಿನ ಮೇಲಿಟ್ಟುಕೊಂಡು, ಪರೀಕ್ಷೆಯ ಕೋಣೆಯಲ್ಲಿ ಕೂತವರಂತೆ ನಿಮಿಷ ಎಣಿಸಿದರು. ಎಲ್ಲಿಂದ ಎಣಿಸಬೇಕು ಎಂಬುದು ಮಾತ್ರ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೀರು ಕುದಿಯುವ ಮೊದಲೇ ಎಣಿಸಿ ಮುಗಿಸಿದ್ದರು. ಸಾಲಾಗಿ ತಟ್ಟೆ ಇಟ್ಟುಕೊಂಡು ಕೂತಿದ್ದ ಮಕ್ಕಳ ಮುಂದೆ ಹೋಗಿ, ಹೀಗೆ ಒಡೆಯಬೇಕು ಎಂದು ತೋರಿಸಲು ಮೊದಲ ಮೊಟ್ಟೆಯನ್ನು ಗೋಡೆಗೆ ಕುಟ್ಟಿದರು. ಅದು ಒಡೆದು ಅವರ ಬೆರಳುಗಳ ಸಂದಿಯಿಂದ ಇಳಿದು ಮೊಣಕೈವರೆಗೆ ಹರಿಯಿತು. ಒಂದನೇ ತರಗತಿಯಿಂದ ಏಳನೆಯದರವರೆಗೆ ಎಲ್ಲ ಸಾಲೂ ನಕ್ಕಿತು. ಸರ್ ಕೂಡ ನಕ್ಕರು. 

ಕಸ್ತೂರಕ್ಕ ಅನ್ನ ಬಡಿಸುತ್ತಿದ್ದಳು. ಬಡಿಸುವ ಕೈ ನಿಲ್ಲಿಸಿ, ನಗುವ ಮಕ್ಕಳನ್ನು ನೋಡಿದಳು. ಅನ್ನದ ಬುಟ್ಟಿಯನ್ನು ಏಳನೇ ತರಗತಿಯ ಹುಡುಗಿಯರ ಕೈಗೆ ಕೊಟ್ಟು, ಕೊರಳಲ್ಲಿದ್ದ ಲಿಂಗದ ವಸ್ತ್ರವನ್ನು ಸೆರಗಿನೊಳಗೆ ಸರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು ಬೇವಿನ ಗಿಡದ ಕೆಳಗೆ ಬಂದಳು.

“ಸರ, ಜರಾ ಸರಕೋರಿ.”

ಉದ್ದನೆಯ ಜಾಲರಿ ಸೌಟಿನಿಂದ ಮೊಟ್ಟೆಗಳನ್ನು ಮತ್ತೆ ನೀರಿಗೆ ಇಳಿಸಿದಳು. ಉರಿ ಹೆಚ್ಚಿಸಿ, ಆಮೇಲೆ ತಗ್ಗಿಸಿ, ಮುಚ್ಚಳ ಮುಚ್ಚಿ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಗಡಿಯಾರದ ಕಡೆ ನೋಡಲಿಲ್ಲ. ಕಿವಿ ಮಾತ್ರ ಬೋಗಾಣಿಯ ಕಡೆಗಿತ್ತು. ಸ್ವಲ್ಪ ಹೊತ್ತಿಗೆ “ಆತು, ತಣ್ಣೀರ ತರ್ರಿ” ಎಂದಳು. ನಾನು ಎರಡು ಕೊಡ ನೀರು ತಂದು ಸುರಿದೆ. ಅಂದು ಬೋಗಾಣಿಯಲ್ಲಿ ಒಂದೂ ಒಡೆದಿರಲಿಲ್ಲ.

ಇಲ್ಲಿಯವರೆಗೆ ಆಕೆ ಸೌಟಿನಿಂದಲೇ ಎಲ್ಲ ಮಾಡಿದ್ದಳು. ಮೊಟ್ಟೆಗಳ ಬಕೆಟು ಹಿಡಿದು, ಸೌಟಿನಿಂದಲೇ ತಟ್ಟೆಗೆ ಒಂದೊಂದು ಇಡುತ್ತ ಒಂದನೇ ತರಗತಿಯ ಸಾಲಿಗೆ ಬಂದಳು. ದೇವಕಮ್ಮನಿದ್ದಾಗ ಸಣ್ಣ ಮಕ್ಕಳಿಗೆ ಆಕೆಯೇ ಸುಲಿದು ಕೊಡುತ್ತಿದ್ದಳು. ಪರಿಮಳಾ ಎಂಬ ಆರು ವರ್ಷದ ಹುಡುಗಿ ತನ್ನ ಮೊಟ್ಟೆಯನ್ನು ಎತ್ತಿ ಹಿಡಿದು, “ಅಡ್ಗಿ ಅಮ್ಮಾ, ಸುಲದು ಕೊಡು” ಎಂದಳು.

ಕಸ್ತೂರಕ್ಕ ಸುತ್ತ ನೋಡಿದಳು. ನಾನು ಆಚೆ ಸಾಲಿನಲ್ಲಿದ್ದೆ. ನಾನು ಬರುವುದರೊಳಗೆ ಆಕೆ ಸೌಟನ್ನು ಬಕೆಟಿನೊಳಗೆ ಇಟ್ಟು, ಹುಡುಗಿಯ ಎದುರು ಕೂತು, ಕೈ ಚಾಚಿದ್ದಳು. ಮೊದಲನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಚೂರು ಚೂರಾಗಿ ಬಿಡಿಸಿದಳು. ಎರಡನೆಯದು ಬೇಗ ಆಯಿತು. ಹತ್ತನೆಯದರ ಹೊತ್ತಿಗೆ, ನೆಲಕ್ಕೆ ಒಂದು ಸಲ ತಟ್ಟಿ, ಅಂಗೈಯಲ್ಲಿ ಒಂದು ಸಲ ಉರುಳಿಸಿದರೆ ಸಿಪ್ಪೆ ಅಂಗಿ ಕಳಚಿದಂತೆ ಬಿಚ್ಚಿ ಬರುತ್ತಿತ್ತು. ಇಡೀ ಸಾಲಿಗೆ ಸುಲಿದಳು.

ಆಮೇಲೆ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಾಗ ನಾನು ಹೋಗಿ ಪಕ್ಕ ನಿಂತೆ. ನಾನು ಕೇಳುವ ಮೊದಲೇ ಆಕೆಯೇ ಹೇಳಿದಳು.

“ಬೆಚ್ಚಗಿತ್ತು ಟೀಚರ. ನಾ ಅಂದ್ಕೊಂಡಿದ್ದೆ, ಅಂಟಂಟ ಇರ್ತದ ಅಂತ. ಕೂಸಿನ ಗಲ್ಲ ಇದ್ದಂಗಿತ್ತು.”

ನನ್ನಲ್ಲಿ ಉಳಿದಿದ್ದ ಸಿಟ್ಟು ಆ ನಲ್ಲಿಯ ಹತ್ತಿರವೇ ಹೋಯಿತು. “ಮನಿಯಾಗ ಹೇಳ್ತೀರೇನು?” ಎಂದು ಕೇಳಿದೆ.

“ಹೇಳಲಾರದ ಹೆಂಗ ಒಳಗ ಹೋಗಲಿ?” ಎಂದಳು.

ಮನೆಯಲ್ಲಿ ನಡೆದದ್ದನ್ನು ಮರುದಿನ ಬೇಳೆ ಬೇಯುವಾಗ ಆಕೆಯೇ ನನಗೆ ಹೇಳಿದಳು. ಸಂಜೆ ಹೋದಾಗ ಚಂದಮ್ಮ ಅಂಗಳದಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ನೀಲಕಂಠ ಅಂಗಡಿಯಲ್ಲಿ ಕೂತು ಪೇಪರಿನ ಪೊಟ್ಟಣ ಕಟ್ಟುತ್ತಿದ್ದ. ಕಸ್ತೂರಕ್ಕ ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತಳು.

“ಅತ್ತಿ, ಇವತ್ತ ನಾ ತತ್ತಿ ಮುಟ್ಟೀನಿ.”

‘ಬಿಳೇದು’ ಎನ್ನದೆ ‘ತತ್ತಿ’ ಎಂದದ್ದು ಬಾಯಿಗೆ ಬಂದ ಮೇಲೆಯೇ ತನಗೆ ತಿಳಿಯಿತು ಎಂದು ಕಸ್ತೂರಕ್ಕ ನಕ್ಕಳು. ಚಂದಮ್ಮನ ಮೊರ ನಿಲ್ಲಲಿಲ್ಲ.

“ಯಾಕ?”

ಕಸ್ತೂರಕ್ಕ ಎಲ್ಲ ಹೇಳಿದಳು. ದೇವಕಮ್ಮ ರಜೆ ಹೋದದ್ದು, ದೊಡ್ಡ ಸರ್ ತೋಳಿಗೆ ಹರಿದದ್ದು, ಸಣ್ಣ ಹುಡುಗಿ ಎತ್ತಿ ಹಿಡಿದದ್ದು.

“ಎಷ್ಟು ಹುಡುಗ್ರು?”

“ನೂರಾ ಮೂವತ್ತರ ಮ್ಯಾಲ.”

“ಎಲ್ಲಾರೂ ತಿಂದ್ರು?”

“ತಿಂದ್ರು. ಒಂದೂ ಉಳೀಲಿಲ್ಲ.”

ಚಂದಮ್ಮ ಮೊರವನ್ನು ಕೆಳಗಿಟ್ಟಳು. ಬೇಳೆಯಲ್ಲಿ ಸಿಕ್ಕ ಒಂದು ಹರಳನ್ನು ಆಚೆ ಎಸೆದಳು. ಆಮೇಲೆ, ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಸೊಸೆ ಎಂದೂ ಕೇಳಿರದ ಒಂದು ಸಂಗತಿ ಹೇಳಿದಳು.

“ನಾ ಎರಡನೇ ಕ್ಲಾಸಿನಾಗ ಇದ್ದಾಗ ಶಾಲ್ಯಾಗ ಹಾಲು ಕೊಡ್ತಿದ್ರು. ಹಾಲಂದ್ರ ಪುಡಿ. ಅಮೆರಿಕಾದಾಗಿಂದ ಬರ್ತದ ಅಂತಿದ್ರು. ದೊಡ್ಡ ಡಬ್ಬಿ. ನಮ್ಮಪ್ಪ, ಅದು ಯಾವ ದನದ್ದೋ ಏನೋ, ನೀ ಕುಡಿಬ್ಯಾಡ ಅಂದ. ಎಲ್ಲಾರೂ ಕುಡಿಯೋತನಕ ನಾ ಖಾಲಿ ಗ್ಲಾಸ್ ಹಿಡಕೊಂಡು ಕಂಬದ ಹತ್ತಿರ ನಿಂದ್ರತಿದ್ದೆ. ಬೆಲ್ಲ ಹಾಕಿ ಕಾಸ್ತಿದ್ರು, ಶಾಲಿ ತುಂಬ ಅದರ ವಾಸನಿ. ಮೂರನೇ ಕ್ಲಾಸಿಗಿ ನನ್ನ ಶಾಲಿ ಬಿಡಿಸಿದ್ರು, ಅದು ಬ್ಯಾರೆ ಮಾತು. ಆ ಹಾಲು ಹೆಂಗಿತ್ತೋ ನನಗ ಗೊತ್ತಾಗಲೇ ಇಲ್ಲ.”

ಹೇಳಿ ಮುಗಿಸಿ ಮೊರವನ್ನು ಮತ್ತೆ ಮಡಿಲಿಗೆ ಎತ್ತಿಕೊಂಡಳು.

“ನೀರ ಕಾದಾವ,” ಎಂದಳು ಚಂದಮ್ಮ. “ಜಳಕ ಮಾಡಿ ಬಾ. ರೊಟ್ಟಿ ಬಡಿಯೂಣು.”

ಅಷ್ಟೇ. ಊಟಕ್ಕೆ ಕೂತಾಗ ಅತ್ತೆ ಮತ್ತೊಂದು ಕೇಳಿದಳು, ದನಿ ತಗ್ಗಿಸಿ. “ಒಳಗ ಹೆಂಗಿರ್ತದ ಅದು?”

“ಮ್ಯಾಲ ಬೆಳ್ಳಗ. ನಡುವ ಹಳದಿ, ಕಡ್ಲಿಹಿಟ್ಟಿನ ಉಂಡಿ ಇದ್ದಂಗ.”

“ಉಪ್ಪ ಹಚ್ತಾರೇನು?”

ಅಂಗಡಿಯಿಂದ ನೀಲಕಂಠ ಕೆಮ್ಮಿದ. ಅತ್ತೆ ಸೊಸೆ ಇಬ್ಬರೂ ತಟ್ಟೆ ನೋಡಿಕೊಂಡು ನಕ್ಕರು.

ಊರಿನಲ್ಲಿ ಮಾತು ಹಬ್ಬದೆ ಇರಲಿಲ್ಲ. ಅದೇ ವಾರ ಅವರದೇ ಓಣಿಯ ಇಬ್ಬರು ಹಿರಿಯರು ಅಂಗಡಿಗೆ ಬಂದು, ಏನೂ ಕೊಳ್ಳದೆ ನಿಂತರು. ನಾನು ಅಲ್ಲಿಯೇ ಸೀಮೆಸುಣ್ಣದ ಪೆಟ್ಟಿಗೆ ತೆಗೆದುಕೊಳ್ಳುತ್ತಿದ್ದೆ.

“ನೀಲಕಂಠ, ನಿನ್ನ ಹೆಂಡ್ತಿ ಶಾಲ್ಯಾಗ ಏನೇನೋ ಮುಟ್ಟಾಕತ್ತಾಳಂತ.”

ನೀಲಕಂಠ ತಕ್ಕಡಿ ಸರಿಮಾಡುತ್ತಲೇ ಇದ್ದ. ಆತ ಅಂದು ಆಡಿದಷ್ಟು ಮಾತನ್ನು ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

“ಹೌದ್ರಿ ಕಾಕಾ, ಮುಟ್ಯಾಳ. ಮನಿಗಿ ಬಂದು ಹೇಳ್ಯಾಳ. ಅವ್ವ ಜಳಕಕ್ಕ ನೀರ ಕಾಸಿಕೊಟ್ಟಾಳ. ನಿಮ್ಮ ಮೊಮ್ಮಗ ಬಾಳೆಹಣ್ಣ ತಿಂತಾನಲ್ಲ, ಅದನ್ನೂ ಆಕಿನೇ ಕೊಡ್ತಾಳ, ಕೈ ತೊಳಕೊಂಡು. ಚಾ ಪುಡಿ ಬೇಕೇನ್ರಿ?”

ಅವರಲ್ಲೊಬ್ಬರು ಚಾ ಪುಡಿ ತೆಗೆದುಕೊಂಡರು. ಮತ್ತೊಬ್ಬರು ಸುಮ್ಮನೆ ಹೋದರು. ಕೆಲವು ದಿನ ಆ ಓಣಿಯ ಒಬ್ಬಿಬ್ಬರು ಕಸ್ತೂರಕ್ಕನನ್ನು ಕಂಡೂ ಕಾಣದಂತೆ ನಡೆದರು. ಆಮೇಲೆ ಜೋಳದ ರಾಶಿಯ ಕೆಲಸ ಬಂತು, ಎಲ್ಲರೂ ಅದರಲ್ಲಿ ಮುಳುಗಿದರು.

ದೇವಕಮ್ಮ ಸುರಪುರದಿಂದ ಮೊಮ್ಮಗನ ಹೆಸರಿನ ಪೇಡೆ ಹಿಡಿದುಕೊಂಡು ಬಂದವಳು ಸುದ್ದಿ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಹತ್ತು ದಿನ ಬಿಟ್ಟು ಹೋದ್ರ ನನ್ನ ನೌಕರಿನೇ ಕಸಗೊಂಡೀ ಅಲಾ ಅಕ್ಕಾ.”

“ನಿನ್ನ ನೌಕರಿ ನೀ ಮಾಡು. ಸುಲಿಯೂದು ನನಗ ಬಿಡು. ನೀ ತತ್ತಿ ಮ್ಯಾಲಿನ ಬೆಳ್ಳಗಿನದು ಅರ್ಧ ಸಿಪ್ಪಿ ಜೋಡಿನೇ ಚೆಲ್ತಿ.”

ಜೂನಿನಲ್ಲಿ ಶಾಲೆ ಮತ್ತೆ ತೆರೆದಾಗ ಮಳೆ ಜೋರಾಗಿತ್ತು. ಬೇವಿನ ಗಿಡದ ಕೆಳಗಿನ ಒಲೆ ಕೆಸರಾಗಿ ಕೂತಿತು. ದೇವಕಮ್ಮ ತಲೆಯ ಮೇಲೆ ಗೋಣಿ ಹೊದ್ದು ಹಸಿ ಕಟ್ಟಿಗೆ ಊದುತ್ತಿದ್ದುದನ್ನು ಕಿಟಕಿಯಿಂದ ಎರಡು ದಿನ ನೋಡಿದ ಕಸ್ತೂರಕ್ಕ ಮೂರನೆಯ ದಿನ ಬಾಗಿಲಿಗೆ ಬಂದು, “ಒಳಗ ತಗೊಂಡ್ ಬಾ. ಆ ಮೂಲಿ ಒಲಿ ಖಾಲಿ ಅದ” ಎಂದಳು. ಬೋಗಾಣಿ ಇಂದಿಗೂ ಬೇರೆಯೇ, ಸೌಟೂ ಬೇರೆ. ಕೋಣೆ ಮಾತ್ರ ಒಂದೇ.

ನಾನು ಮಕ್ಕಳ ತೂಕ, ಎತ್ತರ ಬರೆದಿಡುವವಳು. ಒಂದು ವರ್ಷದಲ್ಲಿ ನನ್ನ ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಮೊದಲೆಲ್ಲ ಬೆಳಗಿನ ಪ್ರಾರ್ಥನೆಯಲ್ಲಿ ವಾರಕ್ಕೆ ಒಬ್ಬರೋ ಇಬ್ಬರೋ ತಲೆ ಸುತ್ತಿ ಕೂರುತ್ತಿದ್ದರು; ಅದು ಕಡಿಮೆಯಾಯಿತು. ಮೊಟ್ಟೆಯ ದಿನ ಹಾಜರಿ ಪುಸ್ತಕದಲ್ಲಿ ಗೈರಾದವರನ್ನು ಹುಡುಕಬೇಕಾಗುತ್ತಿತ್ತು. ಬಾಳೆಹಣ್ಣಿನವರು ಇಪ್ಪತ್ತೊಂದರಿಂದ ಹದಿನಾಲ್ಕಕ್ಕೆ ಇಳಿದರು. ಪರಿಮಳಾ ತಾನೇ ಸುಲಿದುಕೊಳ್ಳಲು ಕಲಿತಳು. ಆದರೂ ಕಸ್ತೂರಕ್ಕನ ಮುಂದೆ ಬಂದಾಗ ಬಾರದವಳಂತೆ ಎತ್ತಿ ಹಿಡಿಯುತ್ತಿದ್ದಳು, ಕಸ್ತೂರಕ್ಕನೂ ತಿಳಿಯದವಳಂತೆ ಸುಲಿದುಕೊಡುತ್ತಿದ್ದಳು.

ಎರಡು ಸಾವಿರದ ಇಪ್ಪತ್ತನಾಲ್ಕರಲ್ಲಿ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಹೊಸದಾಗಿ ಸೇರಿದ ಅಡುಗೆಯವರಿಗೆ ತರಬೇತಿ ಕೊಡಬೇಕು, ಯಾರಾದರೂ ಕುದಿಸುವುದನ್ನು ಮಾಡಿ ತೋರಿಸಬೇಕು ಎಂಬ ಮಾತು ಬಂದಾಗ ಕರೀಮ ಸರ್ ಕಸ್ತೂರಕ್ಕನ ಹೆಸರು ಕಳಿಸಿಬಿಟ್ಟರು. ಆಕೆ ಮೂರು ದಿನ ಅವರ ಮೇಲೆ ಮುನಿಸಿಕೊಂಡಿದ್ದಳು. ನಾಲ್ಕನೆಯ ದಿನ ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಬಸ್ಸಿಗೆ ನಿಂತಳು. ಜೊತೆಗೆ ದೇವಕಮ್ಮ, ಶಾಲೆಯ ಪರವಾಗಿ ಹೆಸರು ಬರೆಸಲು ನಾನು. ಶಹಾಪುರದಲ್ಲಿ ಬಸ್ಸು ಬದಲಿಸಿ ಸುರಪುರಕ್ಕೆ ಹೋದೆವು. ಹೆಂಗಸರಿಗೆ ಟಿಕೇಟಿಲ್ಲದ ಕಾಲ. ಬಸ್ಸಿನಲ್ಲಿ ಗಂಡಸರು ಬಾಗಿಲ ಹತ್ತಿರ ಜೋತುಬಿದ್ದಿದ್ದರು, ಸೀಟಿನಲ್ಲೆಲ್ಲ ನಾವೇ. ಆಸ್ಪತ್ರೆಗೆ ಹೊರಟವರು, ತವರಿಗೆ ಹೊರಟವರು, ಮಗಳ ಕಾಲೇಜಿನ ಫಾರಂ ತುಂಬಲು ಹೊರಟವರು. “ಮೊದಲ ನನ್ನ ಮಗಳ ಮನಿಗಿ ವರ್ಷಕ್ಕ ಎರಡ ಸಲ ಹೋಗ್ತಿದ್ದೆ,” ಎಂದಳು ದೇವಕಮ್ಮ. “ಈಗ ಅಳಿಯನೇ ಸಾಕು ಅನಬೇಕು, ಅಷ್ಟು ಹೋಗ್ತೀನಿ.”

ಶಾಲೆಯೊಂದರ ಸಭಾಂಗಣದಲ್ಲಿ ಮೂರು ತಾಲ್ಲೂಕಿನ ಎಂಬತ್ತು ಅಡುಗೆಯವರು ಸೇರಿದ್ದರು. ಮೊದಲು ಒಬ್ಬ ಅಧಿಕಾರಿ ಮಾತಾಡಿದರು. ಫಿನ್ಲೆಂಡ್ ಎಂಬ ದೇಶದಲ್ಲಿ ಎಪ್ಪತ್ತು ವರ್ಷಕ್ಕೂ ಹಿಂದಿನಿಂದ ಶಾಲೆಯ ಎಲ್ಲ ಮಕ್ಕಳಿಗೂ ಊಟ ಕೊಡುತ್ತಾರೆ, ಜಪಾನಿನಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಬಡಿಸಿಕೊಳ್ಳುತ್ತಾರೆ, ಆ ದೇಶಗಳು ಮುಂದೆ ಬಂದದ್ದರಲ್ಲಿ ಆ ಊಟದ ಪಾಲೂ ಇದೆ ಎಂದರು. ಎಲ್ಲರೂ ಶಾಂತವಾಗಿ ಕೇಳಿದರು. ಕಸ್ತೂರಕ್ಕ ಕೈ ಎತ್ತಿದಳು.

“ಸರ, ಅಲ್ಲಿ ಅಡ್ಗಿ ಮಾಡವ್ರು ಯಾರ್ರಿ?”

“ಅಲ್ಲೂ ಶಾಲೆಯ ಅಡುಗೆಯವರು ಇರ್ತಾರಮ್ಮ.”

“ಅವ್ರ ನೌಕರಿ ಪರ್ಮನೆಂಟೇನ್ರಿ?”

ಎಂಬತ್ತು ಜನ ಒಟ್ಟಿಗೆ ನಕ್ಕರು. ಅಧಿಕಾರಿಯೂ ನಕ್ಕು, ಅದನ್ನೂ ಬರೆದುಕೊಳ್ಳುತ್ತೇನೆ ಎಂದರು. ನಿಜವಾಗಿ ಬರೆದುಕೊಂಡರು, ನಾನು ನೋಡಿದೆ.

ಆಮೇಲೆ ಕಸ್ತೂರಕ್ಕ ಒಲೆಯ ಮುಂದೆ ಬಂದಳು.  ಹಸಿ ಚೀಲ ಹಾಸಿ, ಮೊಟ್ಟೆ ಇಟ್ಟು, ತಣ್ಣೀರು ಹಾಕಿ ಉರಿ ಹೊತ್ತಿಸಿದಳು. “ಗಡಿಯಾರ ಬ್ಯಾಡ್ರಿ. ಕಿವಿ ಇಡ್ರಿ. ಈಗ ಗುಜುಗುಜು ಅಂತಾವ ನೋಡ್ರಿ, ಉರಿ ಇಳಸ್ರಿ. ಈಗ ಟಕ್ ಟಕ್ ಅಂತಾವ, ಇನ್ನಾ ಇಳಸ್ರಿ.” ಎಂಬತ್ತು ಹೆಂಗಸರು ಕುತ್ತಿಗೆ ಚಾಚಿ ಒಂದು ಬೋಗಾಣಿಯ ಸದ್ದು ಕೇಳಿದರು. ಗುರುಮಠಕಲ್ ಕಡೆಯ ಒಬ್ಬಾಕೆ, ಅವಳ ಕನ್ನಡದಲ್ಲಿ ತೆಲುಗಿನ ರಾಗವಿತ್ತು, “ಅಕ್ಕಾ, ಹಳದಿ ಸುತ್ತ ಹಸರ ಗೆರಿ ಬರ್ತದ, ಮಕ್ಕಳು ತಿನ್ನಲ್ಲ” ಎಂದಳು. “ಬಾಳ ಹೊತ್ತು ಕುದಿಸಿದ್ರ ಬರ್ತದ. ಇಳಿಸಿದ ಕೂಡ್ಲೆ ತಣ್ಣೀರಾಗ ಹಾಕ್ರಿ” ಎಂದು ಕಸ್ತೂರಕ್ಕ ಅಲ್ಲೇ ಒಂದು ಮೊಟ್ಟೆ ಸುಲಿದು, ದಾರ ಕೇಳಿ ತೆಗೆದುಕೊಂಡು, ಎರಡು ಹೋಳು ಮಾಡಿ ತೋರಿಸಿದಳು. ದಾರದ ಉಪಾಯ ನನ್ನಿಂದ ಕಲಿತದ್ದು. ಹಳದಿ ಸ್ವಚ್ಛವಾಗಿತ್ತು.

“ನೀವೊಂದು ರುಚಿ ನೋಡ್ರಿ” ಎಂದು ಅಧಿಕಾರಿ ತಟ್ಟೆ ಮುಂದೆ ಮಾಡಿದರು.

“ನಾ ತಿನ್ನಂಗಿಲ್ರಿ. ಕುದಸ್ತೀನಿ, ಸುಲೀತೀನಿ, ಅಷ್ಟ.”

ಈ ಸಲ ಚಪ್ಪಾಳೆಯೂ ಬಂತು. ಆಕೆ ನಾಚಿ ದೇವಕಮ್ಮನ ಹಿಂದೆ ಹೋಗಿ ನಿಂತಳು.

ಒಂದು ಗಂಟೆಗೆ ಎಲ್ಲ ಮುಗಿಯಿತು. ಇಷ್ಟು ದೂರ ಬಂದಿದ್ದೇವೆ, ಬಸ್ಸೂ ಪುಕ್ಕಟೆ, ತಿಂಥಣಿಗೆ ಹೋಗಿ ಬರೋಣ ಎಂದಳು ಕಸ್ತೂರಕ್ಕ. ಮೌನೇಶ್ವರನ ಗುಡಿಗೆ ಆಕೆ ಹುಡುಗಿಯಾಗಿದ್ದಾಗ ತಂದೆಯ ಜೊತೆ ಬಂದಿದ್ದಳಂತೆ. “ನಾವು ವಿಹಾರದ ಮಂದಿ, ನಾ ಗುಡಿಗಿ ಬರಂಗಿಲ್ಲ. ಹೊಳಿ ನೋಡ್ತೀನಿ” ಎಂದು ದೇವಕಮ್ಮ ನನ್ನ ಕೈ ಹಿಡಿದು ದಂಡೆಗೆ ಕರೆದೊಯ್ದಳು. ಕೃಷ್ಣೆ ತುಂಬಿ ಹರಿಯುತ್ತಿತ್ತು. ನಾರಾಯಣಪುರದಿಂದ ನೀರು ಬಿಟ್ಟಿದ್ದರು. ದೇವಕಮ್ಮ ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಹಿಡಿದು ನಿಂತು, ತನ್ನಷ್ಟಕ್ಕೆ ನಗುತ್ತಿದ್ದಳು. ಐವತ್ತು ವರ್ಷದ ಬಾಳಿನಲ್ಲಿ ಮೊದಲ ಸಲ ಹೊಳೆಯೊಳಗೆ ಕಾಲಿಟ್ಟದ್ದಂತೆ.

ಕಸ್ತೂರಕ್ಕ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಳು. ಗುಡಿಯಿಂದ ದೂರ, ಹೊಳೆಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ದೇವಕಮ್ಮನ ಚೀಲದಿಂದ ತರಬೇತಿಯಲ್ಲಿ ಉಳಿದ ನಾಲ್ಕು ಮೊಟ್ಟೆಗಳೂ ಹೊರಬಂದವು. ಕಸ್ತೂರಕ್ಕ ಯಾರೂ ಕೇಳದೆ ಅವನ್ನು ಮೆಟ್ಟಿಲಿಗೆ ತಟ್ಟಿ ಸುಲಿದು ನಮ್ಮಿಬ್ಬರ ರೊಟ್ಟಿಯ ಮೇಲೆ ಇಟ್ಟಳು. ಹೊಳೆಗೆ ಇಳಿದು ಕೈ ತೊಳೆದು ಬಂದು ತನ್ನ ರೊಟ್ಟಿ ಮುರಿದಳು.

“ಮುಂದಿನ ತಿಂಗಳ ಯಾದಗಿರಿಗೂ ಬರಬೇಕಂದ್ರು ಆ ಸರ,” ಎಂದಳು. “ಅಲ್ಲಿ ಇನ್ನೂರು ಮಂದಿ ಅಂತ.”

“ಹೋಗು. ಅದಕ್ಕೇನು?” ಎಂದಳು ದೇವಕಮ್ಮ.

“ಅವತ್ತ ಬ್ಯಾಳಿ ಯಾರು ಮಾಡ್ತಾರ? ಇವತ್ತೇನೋ ಶಾಲಿಗಿ ರಜಾ ಇತ್ತು.”

“ನಾ ಅದೀನಲ್ಲ. ಇಪ್ಪತ್ತೆರಡು ವರ್ಷ ನಿನ್ನ ಬಾಜೂಕ ನಿಂತು ಏನ್ ಕಲತೀನಿ ಅನಕೊಂಡಿ?”

ಕಸ್ತೂರಕ್ಕ ಮತ್ತೊಂದು ತುಂಡು ರೊಟ್ಟಿ ಮುರಿದಳು. ಆಮೇಲೆ, “ಬ್ಯಾಳಿಗಿ ಹುಣಸಿಹಣ್ಣ ಕಡಿಮಿ ಹಾಕು, ನೀ ಜಾಸ್ತಿ ಹಾಕ್ತಿ” ಎಂದಳು. ದೇವಕಮ್ಮ ತಾನು ಎಂದೂ ಜಾಸ್ತಿ ಹಾಕಿಲ್ಲವೆಂದಳು. ಹುಣಸೆಹಣ್ಣಿನ ಆ ಜಗಳ ಸುರಪುರದ ಬಸ್ಸು ಬಂದು ನಿಂತು ಹಾರ್ನ್ ಹೊಡೆಯುವವರೆಗೂ ನಡೆಯಿತು.